ದಾಳ ಬೀಳುವ ಮೊದಲೇ ಹೇಳಿ: ಗೇಮ್ ಮಾಸ್ಟರ್ ತನ್ನ ಅಧಿಕಾರ ಬಳಸುವ ಬಗೆ

ಟೇಬಲ್ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಏನು ಮಾಡುತ್ತೇನೆ ಅಂತ ಹೇಳುತ್ತಾರೆ. ಉಳಿದ ಲೋಕವನ್ನೆಲ್ಲ ನಡೆಸಿ, ಏನಾಯಿತು ಅಂತ ತೀರ್ಮಾನ ಹೇಳುವವರು ಗೇಮ್ ಮಾಸ್ಟರ್. ಆಗುತ್ತದೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತಾರೆ. ಮೊದಲ ಸಲ ಗೇಮ್ ಮಾಸ್ಟರ್ ಆಗುವವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ‘ಅಕ್ಕಾ, ನಾನು ಹೇಳಿದ್ದೇ ಕೊನೆ ಮಾತಾ? ಇಲ್ಲ ಎಲ್ಲರೂ ಒಪ್ಪಬೇಕಾ?’ ನನ್ನದು ದಾವಣಗೆರೆ ವಿದ್ಯಾನಗರದಲ್ಲಿ ಜೆರಾಕ್ಸ್, ಬೈಂಡಿಂಗ್ ಅಂಗಡಿ. ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆಯುವ ಹಾಳೆ) ಪ್ರಿಂಟ್ ತೆಗೆಸಲು ಬರುವ ಕಾಲೇಜು ಹುಡುಗ ಹುಡುಗಿಯರು ಕೌಂಟರ್ ಮೇಲೆ ಮೊಣಕೈ ಊರಿ ಇದನ್ನೇ ಕೇಳುತ್ತಾರೆ. ಭಾನುವಾರ ಮಧ್ಯಾಹ್ನ ಅಂಗಡಿ ಮೇಲಿನ ರೂಮಿನಲ್ಲಿ ನಮ್ಮದೊಂದು ಗುಂಪು ಆಡುತ್ತದೆ. ಆಟ ನಡೆಸುವವಳು ನಾನು. ಗಿರಾಕಿಗಳ ನಡುವೆ ನಿಂತಲ್ಲೇ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾಳ ಕೈಯಲ್ಲಿ ಇರುವ ತನಕ ನಿಮ್ಮ ಮಾತು ನಡೆಯಬೇಕು. ದಾಳ ಬಿದ್ದ ಮೇಲೆ ಅದರ ಮಾತನ್ನು ನೀವೂ ಕೇಳಬೇಕು. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಇದನ್ನು ಹಿಂದುಮುಂದು ಮಾಡಿದಾಗಲೇ ಹುಟ್ಟಿದ್ದು. ಗೇಮ್ ಮಾಸ್ಟರ್ ಮೊದಲು ಏನೂ ಹೇಳದೆ ‘ಹಾಕು, ನೋಡೋಣ’ ಅನ್ನುತ್ತಾರೆ. ಅಂಕಿ ಬಿದ್ದ ಮೇಲೆ ಏನಾಯಿತು ಅಂತ ಯೋಚಿಸಲು ಶುರು ಮಾಡುತ್ತಾರೆ.

ಈ ಕುರ್ಚಿ ಯಾಕೆ ಬೇಕಾಯಿತು

ಈಗಿನ ಜರ್ಮನಿ ಕಡೆಯ ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿಗಳ ತರಬೇತಿಗೆ ಕ್ರೀಗ್ಸ್‌ಷ್ಪೀಲ್ ಅನ್ನುವ ಯುದ್ಧದಾಟ ಇತ್ತು. ಅದರ ನಿಯಮಗಳು 1824ರಲ್ಲಿ ಅಚ್ಚಾದವು. ಒಂದು ನಕ್ಷೆ, ತುಕಡಿಗಳಿಗೆ ಬಿಲ್ಲೆ, ದಾಳ, ಜೊತೆಗೆ ಒಬ್ಬ ಅಂಪೈರ್. ಆಟಗಾರರು ತಮ್ಮ ಆಜ್ಞೆಗಳನ್ನು ಅಂಪೈರ್‌ಗೆ ಕೊಡುತ್ತಿದ್ದರು. ಗುಡ್ಡದ ಆಚೆ ಇರುವ ಶತ್ರು ಯಾರಿಗೆ ಕಾಣುತ್ತಾನೆ, ಗುಂಡು ಎಷ್ಟು ಜನಕ್ಕೆ ತಾಗಿತು ಅನ್ನುವುದೆಲ್ಲ ಅವನ ಲೆಕ್ಕ. ನಿಯಮ ಜಾಸ್ತಿಯಾಗಿ ಆಟ ಕುಂಟತೊಡಗಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನುವ ಸೇನಾಧಿಕಾರಿ, ಪಟ್ಟಿಗಳನ್ನು ಬದಿಗಿಟ್ಟು ಅನುಭವವಿರುವ ಅಂಪೈರ್‌ನ ತೀರ್ಮಾನಕ್ಕೆ ಬಿಡಿ ಅಂತ ವಾದಿಸಿದ. ರೂಲ್ಸ್ ಮೇಲೋ, ಕೂತವರ ತೀರ್ಮಾನ ಮೇಲೋ ಅನ್ನುವ ಜಗಳ ಅಷ್ಟು ಹಳೆಯದು.

ಮುಂದೆ ಅಮೆರಿಕದ ಮಿನಿಯಾಪೊಲಿಸ್ ಕಡೆ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಅನ್ನುವ ಆಟ ಆಡಿಸಿದರು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಅವರು ಏನು ಬೇಕಾದರೂ ಮಾಡಲು ನೋಡಬಹುದು, ಆಗುತ್ತದೋ ಇಲ್ಲವೋ ಅಂತ ರೆಫ್ರಿ ಹೇಳುತ್ತಾರೆ. ಅದರಲ್ಲಿ ಆಡಿದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ರೋಲ್‌ಪ್ಲೇಯಿಂಗ್ ಗೇಮ್ ತಂದರು.

ಆಟಗಾರರು ಏನು ಬೇಕಾದರೂ ಮಾಡಲು ನೋಡಬಹುದು ಅಂದಾಗ, ಎಷ್ಟು ದಪ್ಪ ಪುಸ್ತಕ ಬರೆದರೂ ಅದರಲ್ಲಿ ಇಲ್ಲದ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಲು ಒಬ್ಬರು ಬೇಕು. ನಿಮ್ಮ ಅಧಿಕಾರ ಹುಟ್ಟಿದ್ದು ಆ ಕೆಲಸಕ್ಕೆ. ಕಥೆ ಹೀಗೇ ಮುಗಿಯಬೇಕು ಅಂತ ಎಳೆದುಕೊಂಡು ಹೋಗುವುದು ಆ ಕೆಲಸದಲ್ಲಿ ಸೇರಿಲ್ಲ.

ಯಾವುದು ನಿಮ್ಮದು, ಯಾವುದು ಅಲ್ಲ

ಆಟದ ಲೋಕ ನಿಮ್ಮದು. ಮಳೆ, ಗೋಡೆ, ಕಾವಲುಗಾರ, ಅಂಗಡಿಯವನು, ನಾಯಿ, ಎಲ್ಲದರ ಪರವಾಗಿ ನೀವು ಮಾತಾಡುತ್ತೀರಿ. ಒಂದು ಕೆಲಸ ಎಷ್ಟು ಕಷ್ಟ, ಅದಕ್ಕೆ ದಾಳ ಬೇಕೋ ಬೇಡವೋ ಅನ್ನುವುದೂ ನಿಮ್ಮದೇ.

ಆಟಗಾರನ ಪಾತ್ರದ ಮನಸ್ಸು ನಿಮ್ಮದಲ್ಲ. ‘ನೀನು ಹೆದರಿ ಹಿಂದೆ ಸರಿದೆ’ ಅಂತ ಹೇಳಬೇಡಿ. ಭಯದ ಮಂತ್ರದಂಥದ್ದು ತಾಗಿ ರೂಲ್ಸೇ ಹಾಗೆ ಹೇಳಿದರೆ ಬೇರೆ ಮಾತು. ಇಲ್ಲದಿದ್ದರೆ ಗವಿಯ ಒಳಗಿಂದ ಏನು ಕೇಳಿಸಿತು, ಪಂಜು ಹೇಗೆ ಆರಿಹೋಯಿತು ಅಷ್ಟು ಹೇಳಿ. ಹೆದರುವುದು ಬಿಡುವುದು ಅವರ ಕೆಲಸ. ಒಂದು ಪಾತ್ರ ಬಿಟ್ಟರೆ ಆಟಗಾರನಿಗೆ ಆ ಲೋಕದಲ್ಲಿ ಬೇರೇನೂ ಇಲ್ಲ. ಅದಕ್ಕೂ ಕೈ ಹಾಕಿದರೆ ಅವರು ಸುಮ್ನೆ ಕೂತು ಕಥೆ ಕೇಳಬೇಕಾಗುತ್ತದೆ.

ಟೇಬಲ್‌ಗೆ ಸೇರಿದ ಸಂಗತಿಗಳು ಎಲ್ಲರವು. ಯಾವತ್ತು ಆಡೋದು, ಯಾರನ್ನು ಕರೆಯೋದು, ಯಾವ ವಿಷಯ ಆಟದಲ್ಲಿ ಬರಬಾರದು ಅನ್ನುವುದರಲ್ಲಿ ನಿಮಗೂ ಉಳಿದವರಷ್ಟೇ ಹಕ್ಕು.

ಗೋಡೆ ಹತ್ತಿದ ಕಥೆ

ಒಂದು ತೀರ್ಮಾನವನ್ನು ಪೂರ್ತಿಯಾಗಿ ತೋರಿಸುತ್ತೇನೆ. ನಮ್ಮ ಆಟ ನಡೆಯುವುದು ಚಿತ್ರದುರ್ಗದಂಥ ಒಂದು ಕೋಟೆಯಲ್ಲಿ. ಏಳು ಸುತ್ತು, ಹೆಬ್ಬಂಡೆಗಳ ನಡುವೆ ಗೋಡೆ, ಬತ್ತೇರಿ, ಹೊಂಡ, ಎಲ್ಲ ಇದೆ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಕಳ್ಳನ ಪಾತ್ರ ಆಡುತ್ತಾನೆ. ರಾತ್ರಿ, ಮಳೆ ಆಗಷ್ಟೇ ನಿಂತಿದೆ.

‘ಅಕ್ಕಾ, ಗೋಡೆ ಹತ್ತಿ ಒಳಗೆ ಹೋಗ್ತೀನಿ.’

‘ಕಲ್ಲು ಒದ್ದೆ ಇದೆ, ಜಾರ್ತಿದೆ.’

‘ಜ್ಯೋತಿರಾಜ್ ಬರಿಗೈಲಿ ಹತ್ತಲ್ವಾ? ನನ್ನ ಕಳ್ಳ ಯಾಕೆ ಹತ್ತಬಾರದು?’

ಎಲ್ಲರೂ ನಕ್ಕರು. ಆದರೆ ಅವನ ವಾದ ಸರಿಯಾಗಿತ್ತು. ಕೋತಿರಾಜ್ ಅಂತಲೇ ಹೆಸರಾದ ಜ್ಯೋತಿರಾಜ್ ದುರ್ಗದ ಕೋಟೆ ಗೋಡೆ ಹತ್ತುವುದನ್ನು ನಮ್ಮ ಕಡೆ ನೋಡದವರು ಕಡಿಮೆ. ಮನುಷ್ಯನಿಂದ ಆಗುವ ಕೆಲಸ ಅಂತ ಗೊತ್ತಿರುವಾಗ ‘ಆಗಲ್ಲ’ ಅನ್ನಲು ನನಗೆ ಕಾರಣ ಇರಲಿಲ್ಲ. ಆದ್ದರಿಂದ ಹೀಗೆ ಹೇಳಿದೆ (ಅಂಕಿಗಳ ಲೆಕ್ಕ ಮುಂದೆ ಬರುತ್ತದೆ):

‘ಹತ್ತಬಹುದು. ಒಣ ಕಲ್ಲಾಗಿದ್ರೆ 15 ಸಾಕಿತ್ತು. ಈಗ ಒದ್ದೆ, 20 ಬೇಕು. ತಪ್ಪಿದ್ರೆ ಬಿದ್ದು ಸಾಯಲ್ಲ. ಆದರೆ ಕಲ್ಲೊಂದು ಉರುಳಿ ಬತ್ತೇರಿ ಮೇಲಿನ ಕಾವಲುಗಾರ ಎಚ್ಚರ ಆಗ್ತಾನೆ. ಯಾರಾದ್ರೂ ಹೆಗಲು ಕೊಟ್ರೆ ಅಡ್ವಾಂಟೇಜ್. ಹತ್ತುತೀಯಾ?’

ಈ ಮಾತಿನಲ್ಲಿ ಎಷ್ಟು ಸಂಗತಿ ಇದೆ ನೋಡಿ. ಆಗುತ್ತದೋ ಇಲ್ಲವೋ, ಎಷ್ಟು ಕಷ್ಟ, ಆ ಕಷ್ಟಕ್ಕೆ ಕಾರಣ ಏನು, ತಪ್ಪಿದರೆ ಏನಾಗುತ್ತದೆ, ಸುಲಭ ಮಾಡಿಕೊಳ್ಳಲು ದಾರಿ ಏನು. ಕೊನೆಗೆ ‘ಹತ್ತುತೀಯಾ’ ಅನ್ನುವ ಪ್ರಶ್ನೆ. ಗೇಮ್ ಮಾಸ್ಟರ್ ಅಧಿಕಾರ ಪೂರ್ತಿ ಖರ್ಚಾಗಬೇಕಾದ ಜಾಗ ಇದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20 ಅಂತ ಅಳತೆ ಕೊಟ್ಟಿದ್ದಾರೆ. 20 ಮುಖದ ದಾಳ ಹಾಕಿ ಪಾತ್ರದ ಬಲ ಕೂಡಿಸಬೇಕು. ನಮ್ಮ ಕಳ್ಳನಿಗೆ ಹತ್ತುವುದರಲ್ಲಿ 5 ಇದೆ. 15 ಬೇಕಾಗಿದ್ದರೆ ದಾಳದಲ್ಲಿ 10 ಅಥವಾ ಜಾಸ್ತಿ ಬೀಳಬೇಕು, ಅಂದರೆ ನೂರಕ್ಕೆ 55 ಅವಕಾಶ. 20 ಬೇಕಾದಾಗ ಅದು 30ಕ್ಕೆ ಇಳಿಯುತ್ತದೆ. ಅಡ್ವಾಂಟೇಜ್ ಇದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬಹುದು. ಆಗ 30 ಇದ್ದದ್ದು 51 ಆಗುತ್ತದೆ. ನೀವು ಬಾಯಲ್ಲಿ ಹೇಳುವ ಒಂದು ಅಂಕಿ ಅವಕಾಶವನ್ನು ಎಷ್ಟು ಏರಿಸಿ ಇಳಿಸುತ್ತದೆ ಅನ್ನುವುದು ನಿಮಗೆ ಮನಸ್ಸಿನಲ್ಲೇ ಗೊತ್ತಿರಬೇಕು. ಹೊಸಬರು ಎಲ್ಲದಕ್ಕೂ 20 ಅನ್ನುತ್ತಾರೆ. ಆಗ ಯಾವ ಪಾತ್ರವೂ ಯಾವ ಕೆಲಸದಲ್ಲೂ ಜಾಣ ಅನ್ನಿಸುವುದಿಲ್ಲ.

ನಮ್ಮ ಗುಂಪಿನಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರೊಬ್ಬರು ಇದ್ದಾರೆ. ಅವರ ಪಾತ್ರ ಹೆಗಲು ಕೊಟ್ಟಿತು. ಹುಡುಗ ಎರಡು ದಾಳ ಹಾಕಿದ. ದೊಡ್ಡದು 12. ಐದು ಸೇರಿ 17.

‘ಹತ್ತಿರ ಬಂತಲ್ಲಕ್ಕಾ!’

‘ಬಂತು. ಮೂರು ಸಾಲಲಿಲ್ಲ. ಕಲ್ಲು ಉರುಳಿತು. ಮೇಲಿಂದ ಯಾರೋ ಕೂಗಿದ್ರು.’

ಒಂದು ಚೂರೂ ವಾದ ಆಗಲಿಲ್ಲ. ಇದೇ ನಾನು ಮೊದಲು ಅಂಕಿ ಹೇಳದೆ, 17 ನೋಡಿದ ಮೇಲೆ ‘20 ಬೇಕಿತ್ತು’ ಅಂದಿದ್ದರೆ? 17 ಕಂಡ ಮೇಲೆ 20 ಹುಟ್ಟಿಸಿದ್ದಾಳೆ ಅಂತ ಅವನಿಗೆ ಅನುಮಾನ ಬರುತ್ತಿತ್ತು. ಅವನನ್ನು ತಪ್ಪು ಅನ್ನಲು ಆಗುತ್ತಿರಲಿಲ್ಲ, ಅಲ್ವಾ? ನಿಮ್ಮ ಮನಸ್ಸಿನಲ್ಲಿ ಮೊದಲೇ 20 ಇತ್ತು ಅನ್ನುವುದು ಎದುರಿಗೆ ಕೂತವರಿಗೆ ಕಾಣುವುದಿಲ್ಲ.

ನಿಮ್ಮ ಷರತ್ತು ಕೇಳಿ ಆಟಗಾರ ‘ಹಾಗಾದ್ರೆ ಬೇಡ’ ಅಂದರೆ ಬಿಡಿ. ‘ಹೇಳಿಬಿಟ್ಟೆಯಲ್ಲ, ಹತ್ತಲೇಬೇಕು’ ಅನ್ನುವವರನ್ನು ನೋಡಿದ್ದೇನೆ. ಆ ಗೋಡೆ ಒದ್ದೆ ಅನ್ನುವುದು ಅಲ್ಲೇ ನಿಂತ ಕಳ್ಳನಿಗೆ ಕಣ್ಣಿಗೇ ಕಾಣುತ್ತಿರುತ್ತದೆ. ಆಟಗಾರನಿಗೆ ಕಾಣುವುದು ನೀವು ಹೇಳಿದಷ್ಟು ಮಾತ್ರ. ಅವನ ಕಣ್ಣು, ಕಿವಿ ನೀವೇ ಆಗಿರುವಾಗ ಅರ್ಧ ಮುಚ್ಚಿಟ್ಟು ಸಿಕ್ಕಿಹಾಕಿಸುವುದು ಅನ್ಯಾಯ.

ದಾಳ ಬೇಡದ ಕಡೆ ಹಾಕಿಸಬೇಡಿ

ಓಬವ್ವನ ಕಿಂಡಿಯಂಥ ಒಂದು ಕಿಂಡಿ ನಮ್ಮ ಕೋಟೆಯಲ್ಲೂ ಇದೆ. ಒಂದು ಸಲಕ್ಕೆ ಒಬ್ಬರೇ ನುಸುಳಬಹುದು. ಇದಕ್ಕೆ ದಾಳ ಇಲ್ಲ. ಎಷ್ಟೇ ಒಳ್ಳೆ ಅಂಕಿ ಬಿದ್ದರೂ ಇಬ್ಬರು ಒಟ್ಟಿಗೆ ಬರಲು ಆಗುವುದಿಲ್ಲ. ಒಳಗೆ ಯಾರಾದರೂ ಒನಕೆ ಹಿಡಿದು ನಿಂತರೆ ಏನಾಗುತ್ತದೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ಆಟಗಾರರು ಕಿಂಡಿ ನೋಡಿದ ಕೂಡಲೇ ಲೆಕ್ಕ ಹಾಕತೊಡಗಿದರು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಲೋಕದ ಇಂಥ ಸಂಗತಿಗಳನ್ನು ಆಟಕ್ಕೆ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಿಂಡಿ ಎಲ್ಲಿದೆ, ಕಾವಲಿಗೆ ಎಷ್ಟು ಜನ, ಯಾರ ಹತ್ತಿರ ಬೀಗದ ಕೈ. ನಾಲ್ಕು ಜನ ಕಾವಲುಗಾರರು ಅಂತ ಬರೆದಿದ್ದರೆ ನಾಲ್ಕೇ ಜನ. ಆಟಗಾರರು ಜಾಣತನದಿಂದ ಆ ನಾಲ್ವರನ್ನೂ ಬೇರೆ ಕಡೆ ಸೆಳೆದರೆ, ಐದನೆಯವನನ್ನು ಗೋಡೆಯ ಮರೆಯಿಂದ ಹುಟ್ಟಿಸಬೇಡಿ. ಆ ಸಂಜೆ ಬೇಗ ಮುಗಿದರೆ ಮುಗಿಯಲಿ.

ನಿಮಗಿಂತ ಜಾಸ್ತಿ ತಿಳಿದವರು ಕೂತಾಗ

ಅಂಗಡಿಗೆ ಬರುವ ಹುಡುಗರಿಗೆ ದೊಡ್ಡ ಭಯ ಇದೇ. ರೂಲ್ಸ್ ಪುಸ್ತಕ ಬಾಯಿಪಾಠ ಇರುವವರು, ಇತಿಹಾಸ ಗೊತ್ತಿರುವವರು ಎದುರಿಗೆ ಕೂತರೆ ನನ್ನ ಮಾತಿಗೆ ಬೆಲೆ ಎಲ್ಲಿ ಅಂತ. ನಮ್ಮ ಟೇಬಲ್‌ನಲ್ಲಿ ದುರ್ಗದ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಇದ್ದಾರೆ. ಮದಕರಿ ನಾಯಕನ ಕಾಲ, 1779ರಲ್ಲಿ ಹೈದರಾಲಿ ಕೋಟೆ ಗೆದ್ದದ್ದು, ಯಾವ ಹೊಂಡ ಎಲ್ಲಿದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿ.

ಒಂದು ಸಲ ಮೇಲಿನ ಸುತ್ತಿನಲ್ಲಿ ಸಿಕ್ಕಿಬಿದ್ದವರು ಕೆಳಗಿನವರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಬಾಗಿಲಲ್ಲೆಲ್ಲ ಕಾವಲು. ಮೇಷ್ಟ್ರು ಹೇಳಿದರು: ‘ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ನೀರು ಕೆಳಗೆ ಅಕ್ಕ ತಂಗಿಯರ ಹೊಂಡಕ್ಕೆ ಹರಿಯುತ್ತಮ್ಮ. ಸೋರೆ ಬುರುಡೆಯೊಳಗೆ ಓಲೆ ಇಟ್ಟು, ಬಾಯಿಗೆ ಮೇಣ ಮೆತ್ತಿ ತೇಲಿಬಿಡೋಣ.’

ನನ್ನ ನೋಟ್‌ಬುಕ್ಕಿನಲ್ಲಿ ಹೊಂಡಗಳು ಇದ್ದವು, ನೀರು ಹರಿಯುವ ದಾರಿ ಇರಲಿಲ್ಲ. ‘ನನ್ನ ಕೋಟೆಯಲ್ಲಿ ಹಾಗಿಲ್ಲ’ ಅನ್ನಲು ನನಗೆ ಅಧಿಕಾರ ಇತ್ತು. ಅಷ್ಟು ಚೆಂದದ ಉಪಾಯವನ್ನು ಯಾಕೆ ಕೊಲ್ಲಬೇಕು? ‘ಇಲ್ಲೂ ಹಾಗೇ ಹರಿಯುತ್ತೆ ಮೇಷ್ಟ್ರೇ. ಮಳೆಗಾಲ, ಹೊಂಡ ತುಂಬಿದೆ. ಬುರುಡೆ ಕೆಳಗೆ ಹೋಗೇ ಹೋಗುತ್ತೆ, ಅದಕ್ಕೆ ದಾಳ ಬೇಡ. ಬೆಳಿಗ್ಗೆ ನೀರಿಗೆ ಬಂದವರಲ್ಲಿ ಅದು ಮೊದಲು ಯಾರ ಕೈಗೆ ಸಿಗುತ್ತೆ ಅನ್ನೋದಕ್ಕೆ ದಾಳ. 10 ಬಂದ್ರೆ ನಿಮ್ಮವರಿಗೆ, ಕಡಿಮೆ ಆದ್ರೆ ಕಿಲ್ಲೇದಾರನ ಮನೆ ಆಳಿಗೆ’ ಅಂದೆ.

ಸಂಗತಿ ಅವರಿಂದ ಬಂತು, ತೀರ್ಮಾನ ನನ್ನಿಂದ ಹೋಯಿತು. ತಿಳಿದವರು ಕೂತಾಗ ಹೀಗೆ ಕೆಲಸ ಹಂಚಿಕೊಳ್ಳಿ. ‘ಈ ಮಂತ್ರ ಎಷ್ಟು ದೂರ ಹೋಗುತ್ತೆ?’ ಅಂತ ರೂಲ್ಸ್ ಗೊತ್ತಿರುವವರನ್ನೇ ಬಾಯಿಬಿಟ್ಟು ಕೇಳಿ. ಉತ್ತರ ಬಂದ ಮೇಲೆ ಈ ಜಾಗದಲ್ಲಿ, ಈ ಮಳೆಯಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನೀವು ಹೇಳಿ. ಕೇಳಿದ್ದರಿಂದ ನಿಮ್ಮ ಬೆಲೆ ಕಡಿಮೆ ಆಗುವುದಿಲ್ಲ.

ವಾದ ಎದ್ದಾಗ

ಆಟದ ನಡುವೆ ‘ಇಲ್ಲ, ರೂಲ್ಸ್ ಹಾಗಿಲ್ಲ’ ಅಂತ ಯಾರಾದರೂ ಅಂದರೆ ಮಾತು ಮುಗಿಸಲು ಬಿಡಿ. ಪುಸ್ತಕದಲ್ಲಿ ತಟ್ಟನೆ ಸಿಗುವುದಾದರೆ ತೆಗೆದು ನೋಡಿ. ಸಿಗದಿದ್ದರೆ ಅಲ್ಲೇ ಒಂದು ತೀರ್ಮಾನ ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದು, ಮುಂದಕ್ಕೆ ಹೋಗಿ. ಆಟ ಮುಗಿದ ಮೇಲೆ ಕೂತು ಮಾತಾಡೋಣ ಅಂತ ಹೇಳಿ, ಹೇಳಿದ ಮೇಲೆ ನಿಜವಾಗಲೂ ಕೂತು ಮಾತಾಡಿ. ಅನುಮಾನ ಇದ್ದು, ಪಾತ್ರದ ಪ್ರಾಣವೇ ಪಣಕ್ಕೆ ಬಿದ್ದಿದ್ದರೆ ಆಟಗಾರನ ಕಡೆಗೆ ಹೇಳುವುದು ನನ್ನ ಪದ್ಧತಿ.

ಬರೆದಿಡುವುದನ್ನು ಮಾತ್ರ ಬಿಡಬೇಡಿ. ಈ ವಾರ ಒದ್ದೆ ಕಲ್ಲಿಗೆ 20 ಅಂದಿದ್ದರೆ ಮುಂದಿನ ವಾರವೂ 20, ಹತ್ತುವವರು ಕಳ್ಳನಾದರೂ ಅಷ್ಟೇ, ಮೇಷ್ಟ್ರಾದರೂ ಅಷ್ಟೇ. ಆಟಗಾರರು ಕಠಿಣವಾದ ತೀರ್ಮಾನ ಸಹಿಸುತ್ತಾರೆ. ಒಬ್ಬರಿಗೊಂದು ಥರ ಇನ್ನೊಬ್ಬರಿಗೊಂದು ಥರ ಆದರೆ ಸಹಿಸುವುದಿಲ್ಲ.

ಆಟಗಾರರಿಗೆ ಕಾಣದಂತೆ ಪರದೆಯ ಹಿಂದೆ ದಾಳ ಹಾಕಿ, ಕಥೆಗೆ ಒಳ್ಳೆಯದಾಗಲಿ ಅಂತ ಅಂಕಿ ಬದಲಿಸುವುದು ಸರಿ ಅನ್ನುವ ಗೇಮ್ ಮಾಸ್ಟರ್‌ಗಳು ಬಹಳ ಜನ ಇದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ, ದಾರಿ ಒಪ್ಪಲಾರೆ. ಈ ಏಟಿಗೆ ಪಾತ್ರ ಸಾಯುವುದು ನಿಮಗೆ ಬೇಡವಾಗಿದ್ದರೆ ದಾಳ ಹಾಕುವ ಮೊದಲೇ ಹೇಳಿ: ‘ಇವರಿಗೆ ನಿನ್ನ ಜೀವ ಬೇಡ, ಜೀವಂತ ಹಿಡಿಯಬೇಕು. ಸೋತರೆ ಸೆರೆ.’ ಆಗ ಅಂಕಿ ಏನೇ ಬಿದ್ದರೂ ಎಲ್ಲರ ಕಣ್ಣೆದುರಿಗೆ ಒಪ್ಪಬಹುದು. ನಮ್ಮ ರೂಮಿನಲ್ಲಿ ಪರದೆ ಇಲ್ಲ. ನನ್ನ ದಾಳವೂ ಟೇಬಲ್ ನಡುವೆ, ಮಂಡಕ್ಕಿ ತಟ್ಟೆಯ ಪಕ್ಕದಲ್ಲೇ ಬೀಳುತ್ತದೆ.

ಒಬ್ಬರ ‘ಬೇಡ’ ಸಾಕು

ಹೊಸ ಆಟ ಶುರು ಮಾಡುವ ಮೊದಲು ಒಂದು ದಿನ ದಾಳ ಇಲ್ಲದೆ ಕೂರಿ. ಎಂಥ ಕಥೆ ಇಷ್ಟ, ಏನು ಬರಬಾರದು ಅಂತ ಒಬ್ಬೊಬ್ಬರನ್ನೂ ಕೇಳಿ. ನಮ್ಮ ನರ್ಸ್, ಮಕ್ಕಳು ಕಾಯಿಲೆಯಲ್ಲಿ ನರಳುವುದು ಆಟದಲ್ಲಿ ಬೇಡ ಅಂದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳಲೂಬಾರದು. ಅವತ್ತಿನಿಂದ ನಮ್ಮ ಕೋಟೆಯಲ್ಲಿ ಅದು ಇಲ್ಲ. ಇಲ್ಲಿ ನಿಮ್ಮ ಅಧಿಕಾರ, ಬಹುಮತ ಎರಡೂ ನಡೆಯಬಾರದು.

ಆಟದ ನಡುವೆ ಹಾಗೆ ಅನ್ನಿಸಿದರೆ ಹೇಳಲು ಒಂದು ಉಪಾಯ ಇದೆ. 2013ರಲ್ಲಿ ಜಾನ್ ಸ್ಟಾವ್ರೊಪೌಲೊಸ್ ಅನ್ನುವವರು ‘ಎಕ್ಸ್ ಕಾರ್ಡ್’ ಅಂತ ರೂಪಿಸಿದರು. ಎಕ್ಸ್ ಬರೆದ ಒಂದು ಚೀಟಿ ಟೇಬಲ್ ನಡುವೆ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ಸಂಗತಿಯನ್ನು ಬಿಟ್ಟು ಮುಂದೆ ಹೋಗುವುದು. ವಿವರಣೆ ಕೊಡಬೇಕಿಲ್ಲ.

ಇನ್ನೊಂದು ಮಾತು. ಒಬ್ಬ ಆಟಗಾರ ಇನ್ನೊಬ್ಬರನ್ನು ಹೀಯಾಳಿಸಿದರೆ, ಅವನ ಪಾತ್ರದ ತಲೆ ಮೇಲೆ ಬಂಡೆ ಉರುಳಿಸಿ ಬುದ್ಧಿ ಕಲಿಸಲು ಹೋಗಬೇಡಿ. ಆ ಬಂಡೆಗೆ ಅಂಥ ಕೆಲಸ ಕೊಟ್ಟರೆ ಮುಂದೆ ನಿಮ್ಮ ಯಾವ ಬಂಡೆಯನ್ನೂ ಯಾರೂ ನಂಬುವುದಿಲ್ಲ. ಅವನನ್ನು ಟೀ ಕುಡಿಯಲು ಹೊರಗೆ ಕರೆದುಕೊಂಡು ಹೋಗಿ, ಮುಖ ನೋಡಿ ಹೇಳಿ. ಕೇಳದಿದ್ದರೆ ಮುಂದಿನ ಭಾನುವಾರ ಬರಬೇಡ ಅಂತ ಎಲ್ಲರೂ ಸೇರಿ ಹೇಳಿ.

ಬೇರೆ ಆಟಗಳಲ್ಲಿ

ಅಧಿಕಾರದ ಹಂಚಿಕೆ ಎಲ್ಲ ಆಟಗಳಲ್ಲೂ ಒಂದೇ ಥರ ಇಲ್ಲ. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಆಟ ನಡೆಸುವವರು ದಾಳವನ್ನೇ ಹಾಕುವುದಿಲ್ಲ. ಆಟಗಾರ ಆರು ಮುಖದ ಎರಡು ದಾಳ ಹಾಕಿ ಪಾತ್ರದ ಬಲ ಕೂಡಿಸುತ್ತಾನೆ. ಒಟ್ಟು 10 ಅಥವಾ ಜಾಸ್ತಿ ಬಂದರೆ ಗೆಲುವು, 7ರಿಂದ 9 ಬಂದರೆ ಏನಾದರೂ ಬೆಲೆ ತೆತ್ತು ಗೆಲುವು, 6 ಅಥವಾ ಕಡಿಮೆ ಬಿದ್ದರೆ ಮುಂದೇನಾಯಿತು ಅಂತ ಹೇಳುವುದು ಆಟ ನಡೆಸುವವರ ಸರದಿ. ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಯಾವ ಕೌಶಲ ಬಳಸಬೇಕು ಅಂತ ಆಟಗಾರನೇ ಆರಿಸುತ್ತಾನೆ. ಅಪಾಯ ಎಷ್ಟು, ಫಲ ಎಷ್ಟು ಅಂತ ದಾಳಕ್ಕೆ ಮೊದಲು ಹೇಳುವುದು ಗೇಮ್ ಮಾಸ್ಟರ್ ಕೆಲಸ, ಅದು ರೂಲ್ಸ್‌ನಲ್ಲೇ ಇದೆ. ನಾನು ಮೇಲೆ ಹೇಳಿದ ಅಭ್ಯಾಸ ಕೈಗೆ ಕೂರಬೇಕಾದರೆ ಕೆಲವು ವಾರ ಆ ಆಟ ಆಡಿ ನೋಡಿ. 2009ರ ಫಿಯಾಸ್ಕೊದಲ್ಲಂತೂ ಗೇಮ್ ಮಾಸ್ಟರ್ರೇ ಇಲ್ಲ, ಎಲ್ಲರೂ ಸರದಿಯ ಮೇಲೆ ಕಥೆ ಕಟ್ಟುತ್ತಾರೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದಲೇ ಶುರು ಮಾಡುವವರು ಪುಸ್ತಕ ಕೊಳ್ಳಲು ಕಾಯಬೇಕಿಲ್ಲ. ಅದರ ಮೂಲ ನಿಯಮಗಳ ಎಸ್‌ಆರ್‌ಡಿ (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್) ಅನ್ನುವ ಕಡತವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ, ಯಾರಾದರೂ ನಕಲು ಮಾಡಿಕೊಳ್ಳಬಹುದಾದ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಅದನ್ನು ಡೌನ್‌ಲೋಡ್ ಮಾಡಿ ಯಾವ ಅಳುಕೂ ಇಲ್ಲದೆ ಪ್ರಿಂಟ್ ತೆಗೆಸಬಹುದು. ಪೂರ್ತಿ ಕಡತ ದಪ್ಪ ಆಗುತ್ತದೆ. ಪಾತ್ರ ಮಾಡುವುದು, ಕಷ್ಟದ ಅಳತೆ, ಕಾಳಗ, ಇಷ್ಟು ಭಾಗ ತೆಗೆಸಿ ಸ್ಪೈರಲ್ ಹಾಕಿಸಿಕೊಂಡರೆ ಸಾಕು. ಎರಡೂ ಬದಿ ಪ್ರಿಂಟ್ ಬೇಡ, ಒಂದೇ ಬದಿ ತೆಗೆಸಿ. ನಿಮ್ಮ ತೀರ್ಮಾನಗಳನ್ನು ಆಯಾ ನಿಯಮದ ಎದುರಿಗೇ ಬರೆದುಕೊಳ್ಳಲು ಖಾಲಿ ಪುಟ ಸಿಗುತ್ತದೆ.